ಅನಾಹುತವಾದರೆ ಮಾತ್ರ ತಪ್ಪೇ?

(ಸದಸ್ಯ ಶಿಕ್ಷಣ ಪಾಠ)



ಕಾಫಿ ಕೊಯ್ಲು ಮುಗಿದು, ಕಾಳುಮೆಣಸಿನ ಕೊಯ್ಲಿಗೆ ಏಣಿಗಳನ್ನು ಹೊರತೆಗೆಯುವ ಕಾಲವಿದು. ಈ ದಿನಗಳಲ್ಲಿ ನಮ್ಮ ಮಲೆನಾಡಿನಿಂದಲೂ ಕೊಡಗಿನಿಂದಲೂ ಆಗಾಗ ಒಂದೇ ಬಗೆಯ ಸುದ್ದಿ ಬರುತ್ತದೆ. ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗಿಸುವಾಗ ಅದರ ತುದಿ ವಿದ್ಯುತ್ ತಂತಿಗೆ ತಾಗಿತು, ಏಣಿ ಹಿಡಿದಿದ್ದವರು ಸ್ಥಳದಲ್ಲಿಯೇ ತೀರಿಕೊಂಡರು, ತೋಟದ ಮಾಲೀಕರ ಮೇಲೆ ಮೊಕದ್ದಮೆ ದಾಖಲಾಯಿತು ಎಂದು. ಓದಿದವರು ನಾಲ್ಕು ದಿನ ಮರುಗುತ್ತೇವೆ. ಅಷ್ಟರಲ್ಲಿ ಕೊಯ್ಲೂ ಮುಗಿದಿರುತ್ತದೆ, ಮರುಕವೂ ಮುಗಿದಿರುತ್ತದೆ.

ಈ ಸಲದ ಪಾಠದಲ್ಲಿ ಆ ಸುದ್ದಿಯ ಹಿಂದೆ ಇರುವ ಒಂದು ನ್ಯಾಯದ ಪ್ರಶ್ನೆಯನ್ನು ಅಭ್ಯಾಸ ಮಾಡೋಣ. ಪ್ರಶ್ನೆ ಹಳೆಯದು. ಆದರೆ ನಮ್ಮ ತೋಟದ ಬೇಲಿಯೊಳಗೇ ಇದೆ.

ಇಬ್ಬರು ನೆರೆಯವರು

ಮಗ್ಗುಲು ತೋಟಗಳ ಇಬ್ಬರು ಬೆಳೆಗಾರರನ್ನು ಊಹಿಸಿಕೊಳ್ಳಿ. ಇಬ್ಬರ ತೋಟದ ಮೇಲೂ ಹನ್ನೊಂದು ಸಾವಿರ ವೋಲ್ಟಿನ ಒಂದೇ ತಂತಿ ಹಾದುಹೋಗಿದೆ. ಇಬ್ಬರಲ್ಲಿಯೂ ಒಂದೇ ಬಗೆಯ ಅಲ್ಯೂಮಿನಿಯಂ ಏಣಿಯಿದೆ. ತಂತಿಯ ಪಕ್ಕದ ಸಿಲ್ವರ್ ಓಕ್ ಮರಗಳಿಗೆ ಈ ಏಣಿಯನ್ನು ಹಾಕಬೇಡಿ, ಹಾಕಲೇಬೇಕಾದರೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿಕೊಳ್ಳಿ ಎಂದು ಲೈನ್‌ಮನ್ ಇಬ್ಬರಿಗೂ ಹೇಳಿ ಹೋಗಿದ್ದಾರೆ. "ಇನ್ನು ನಾಲ್ಕು ಮರ ತಾನೇ, ಮುಗಿಸಿಬಿಡಿ" ಎಂದು ಇಬ್ಬರೂ ಕೆಲಸದವರಿಗೆ ಹೇಳಿದ್ದಾರೆ.

ಮೊದಲನೆಯವರ ತೋಟದಲ್ಲಿ ಏಣಿ ತಂತಿಯ ಕಡೆಗೆ ವಾಲಿತು. ಒಂದು ಜೀವ ಹೋಯಿತು. ಎರಡನೆಯವರ ತೋಟದಲ್ಲಿ ಅದು ಇನ್ನೊಂದು ಕಡೆಗೆ ವಾಲಿತು. ಒಂದು ಕಾಫಿ ಗಿಡ ಮುರಿಯಿತು.

ಮೊದಲನೆಯವರು ಪೊಲೀಸ್ ಠಾಣೆ, ನ್ಯಾಯಾಲಯ ಎಂದು ಅಲೆಯುತ್ತಾರೆ. ಊರಿನವರು ಅವರ ಮನೆಯ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಾರೆ. ಎರಡನೆಯವರು ಸಾವಿನ ಮನೆಗೆ ಹೋಗಿ ಬರುತ್ತಾರೆ, "ಅಷ್ಟೊಂದು ಉದಾಸೀನ ಮಾಡಬಾರದಿತ್ತು" ಎಂದು ನಾಲ್ಕು ಜನರ ಎದುರು ಹೇಳುತ್ತಾರೆ. ಮಾರನೆಯ ಬೆಳಿಗ್ಗೆ ಅವರ ಕೆಲಸದವರು ಅದೇ ಏಣಿಯನ್ನು ಅದೇ ತಂತಿಯ ಅಡಿಯಲ್ಲಿ ಹೊತ್ತು ನಡೆಯುತ್ತಾರೆ.

ಈ ಎರಡನೆಯವರನ್ನು ನಾವು ಬಹಳ ಹತ್ತಿರದಿಂದ ಬಲ್ಲೆವು. ಕೆಲವು ವರ್ಷಗಳ ಹಿಂದೆ ನಾವೂ ಅವರಂತೆಯೇ ಇದ್ದೆವು. ನಮ್ಮ ತೋಟದಲ್ಲಿ ಒಂದು ಮಧ್ಯಾಹ್ನ ಏಣಿ ಮರದಿಂದ ಜಾರಿತು. ತಂತಿಗೆ ಇನ್ನೇನು ಒಂದು ಮಾರು ಇದೆ ಎನ್ನುವಾಗ ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡು ನಿಂತಿತು. ಕೆಳಗೆ ಹಿಡಿದು ನಿಂತಿದ್ದವನು ನಮ್ಮ ಮುಖ ನೋಡಿ, "ಏನೂ ಆಗ್ಲಿಲ್ವಲ್ಲ ಅಣ್ಣಾ, ಬಿಡಿ" ಎಂದು ನಕ್ಕ. ನಾವೂ ನಕ್ಕೆವು. ಎಲ್ಲರಿಗೂ ಚಹಾ ತರಿಸಿದೆವು. ಮನೆಯಲ್ಲಿ ಹೇಳಲಿಲ್ಲ, ನೆರೆಯವರಿಗೆ ಹೇಳಲಿಲ್ಲ. ಆ ಏಣಿಯನ್ನು ಇನ್ನೂ ಎರಡು ಕೊಯ್ಲಿಗೆ ಬಳಸಿದೆವು. ಆ ದಿನ ನಮಗೆ ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತೇ?

ಪಾಠದ ಪ್ರಶ್ನೆ ಇದೇ. ತಪ್ಪು ಮಾಡಿದವನನ್ನು ದಂಡಿಸುವಾಗ ನೋಡಬೇಕಾದದ್ದು ಆದ ಪರಿಣಾಮವನ್ನೋ, ಅವನು ಇನ್ನೊಬ್ಬರ ತಲೆಯ ಮೇಲೆ ತಂದಿಟ್ಟ ಅಪಾಯವನ್ನೋ?

ಕಾನೂನಿನ ಮೆಟ್ಟಿಲುಗಳು

ಮೊದಲು ನಮ್ಮ ದೇಶದ ಕಾನೂನು ಏನು ಹೇಳುತ್ತದೆಂದು ನೋಡೋಣ. 1860ರ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಇತರರ ಜೀವಕ್ಕಾಗಲಿ ದೇಹಕ್ಕಾಗಲಿ ಅಪಾಯವಾಗುವಂತೆ ದುಡುಕಿನಿಂದ ಅಥವಾ ಅಜಾಗರೂಕತೆಯಿಂದ ನಡೆದುಕೊಳ್ಳುವುದು ಅದರ 125ನೇ ಪ್ರಕರಣದಂತೆ ಅಪರಾಧ. ಯಾರಿಗೂ ಏನೂ ಆಗದಿದ್ದರೂ ಅದು ಅಪರಾಧವೇ. ಆದರೆ ಶಿಕ್ಷೆಗೆ ಮೆಟ್ಟಿಲುಗಳಿವೆ.

ಏನೂ ಆಗದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗಾಯವಾದರೆ ಆರು ತಿಂಗಳವರೆಗೆ, ಅಥವಾ 5,000 ರೂಪಾಯಿವರೆಗೆ, ಅಥವಾ ಎರಡೂ.

ತೀವ್ರ ಗಾಯವಾದರೆ ಮೂರು ವರ್ಷದವರೆಗೆ, ಅಥವಾ 10,000 ರೂಪಾಯಿವರೆಗೆ, ಅಥವಾ ಎರಡೂ.

ಸಾವು ಸಂಭವಿಸಿದರೆ 106ನೇ ಪ್ರಕರಣ ಬರುತ್ತದೆ. ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಹಳೆಯ ಸಂಹಿತೆಗೆ 1870ರಲ್ಲಿ ಸೇರಿಸಿದ್ದ 304-ಎ ಪ್ರಕರಣದಲ್ಲಿ ಇದು ಎರಡು ವರ್ಷದವರೆಗೆ ಮಾತ್ರ ಇತ್ತು.

ನಾಲ್ಕು ಮೆಟ್ಟಿಲುಗಳಲ್ಲಿಯೂ ಮಾಡಿದ ಕೆಲಸ ಒಂದೇ ಆಗಿರಬಹುದು. ಅದೇ ಏಣಿ, ಅದೇ ತಂತಿ, ಅದೇ ಮಾತು. ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದನ್ನು ಗಾಳಿ ಬೀಸಿದ ದಿಕ್ಕು ತೀರ್ಮಾನಿಸುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮೊದಲ ಮೆಟ್ಟಿಲಿನಲ್ಲಿ ದೂರು ಕೊಡುವವರು ಯಾರು? ಏನೂ ಆಗದ ದಿನ ಯಾರೂ ಠಾಣೆಗೆ ಹೋಗುವುದಿಲ್ಲ.

ಬೇಕೆಂದೇ ಮಾಡಿದ ಕೃತ್ಯಗಳಲ್ಲಿಯೂ ಹೀಗೆಯೇ. ಕೊಲ್ಲುವ ಉದ್ದೇಶದಿಂದ ಕೋವಿ ಹಾರಿಸಿದವನ ಗುಂಡು ತಾಗಿ ಮನುಷ್ಯ ಸತ್ತರೆ 103ನೇ ಪ್ರಕರಣದಂತೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಗುಂಡು ಯಾರಿಗೂ ತಾಗದೆ ಹಲಸಿನ ಮರಕ್ಕೆ ಹೊಕ್ಕರೆ 109ನೇ ಪ್ರಕರಣದಂತೆ ಹತ್ತು ವರ್ಷದವರೆಗೆ. ಗುರಿ ತಪ್ಪಿದ್ದು ಹೊಡೆದವನ ಒಳ್ಳೆಯತನದಿಂದ ಅಲ್ಲ. ಆದರೂ ಅದರ ಲಾಭ ಅವನಿಗೆ ಸಿಗುತ್ತದೆ.

ಪರಿಣಾಮವನ್ನು ನೋಡುವುದಕ್ಕೂ ಕಾರಣಗಳಿವೆ

ಇದನ್ನು ಓದಿ ಕಾನೂನು ಮಾಡಿದವರು ಯೋಚಿಸಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಲೋಕದ ಬಹಳ ಹಳೆಯ ಕಾನೂನುಗಳೂ ಪರಿಣಾಮವನ್ನೇ ನೋಡಿದವು. ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನಲ್ಲಿ ಕೆತ್ತಿಸಿದ ಶಾಸನಗಳಲ್ಲಿ ನಮ್ಮಂಥ ಬೇಸಾಯಗಾರರಿಗೆ ಸೇರಿದ್ದೊಂದಿದೆ. ತನ್ನ ಪಾಲಿನ ನೀರಿನ ಏರಿಯನ್ನು ಭದ್ರಮಾಡದೆ ಸೋಮಾರಿತನ ತೋರಿದವನ ಏರಿ ಒಡೆದು ನೆರೆಯವರ ಹೊಲ ಕೊಚ್ಚಿಹೋದರೆ, ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಕೊಡಲಾರದಿದ್ದರೆ ಅವನನ್ನೂ ಅವನ ಸರಕನ್ನೂ ಮಾರಿ, ಬಂದ ಹಣವನ್ನು ನಷ್ಟವಾದವರು ಹಂಚಿಕೊಳ್ಳಬೇಕು. ಏರಿಯನ್ನು ಭದ್ರಮಾಡದೆಯೂ ಅದೃಷ್ಟದಿಂದ ಪಾರಾದವನಿಗೆ ಆ ಶಾಸನ ಏನನ್ನೂ ವಿಧಿಸುವುದಿಲ್ಲ.

ಹೀಗೆ ಪರಿಣಾಮವನ್ನು ಹಿಡಿದು ನಡೆಯುವುದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸಾಕ್ಷ್ಯ. ಒಡೆದ ಏರಿ ಎಲ್ಲರ ಕಣ್ಣಿಗೆ ಕಾಣುತ್ತದೆ. ಒಡೆಯಬಹುದಾಗಿದ್ದ ಏರಿ ಕಾಣುವುದಿಲ್ಲ.

ಎರಡನೆಯದು ನೊಂದವರ ಸಮಾಧಾನ. ಮನೆಯ ದುಡಿಯುವ ಕೈಯನ್ನು ಕಳೆದುಕೊಂಡ ತಾಯಿಗೆ "ಪಕ್ಕದ ತೋಟದಲ್ಲಿಯೂ ಇದೇ ತಪ್ಪು ನಡೆದಿತ್ತು, ಅದಕ್ಕೂ ಇಷ್ಟೇ ದಂಡ" ಎಂದು ಹೇಳಿ ಮುಖ ನೋಡಲು ಯಾರಿಗೂ ಸಾಧ್ಯವಿಲ್ಲ. ಹೋದ ಜೀವಕ್ಕೆ ಒಂದು ತೂಕವಿದೆಯೆಂದು ಸಮಾಜ ಒಪ್ಪಿ ತೋರಿಸಬೇಕು.

ಮೂರನೆಯದು ಅಧಿಕಾರಕ್ಕೆ ಮಿತಿ. ಅರ್ಥಶಾಸ್ತ್ರದ ಪಿತಾಮಹನೆಂದು ಹೆಸರಾದ ಆಡಂ ಸ್ಮಿತ್ 1759ರಲ್ಲಿ ಬರೆದ ನೀತಿಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಗೋಡೆಯ ಆಚೆ ಜನ ಓಡಾಡುವ ಬೀದಿಗೆ, ಎಚ್ಚರಿಕೆ ಕೊಡದೆ ದೊಡ್ಡ ಕಲ್ಲೊಂದನ್ನು ಎಸೆದವನು ಅವನ ಉದಾಹರಣೆ. ಕಲ್ಲು ಯಾರ ಮೇಲೂ ಬೀಳದಿದ್ದರೂ ಅವನು ಶಿಕ್ಷಾರ್ಹನೇ ಎಂದು ಸ್ಮಿತ್ ಒಪ್ಪುತ್ತಾನೆ. ಆದರೂ ಜನರ ಸಿಟ್ಟು ಏಳುವುದು ಕಲ್ಲು ಬಿದ್ದಾಗಲೇ ಎಂಬುದನ್ನೂ ಕಾಣುತ್ತಾನೆ. ಮನಸ್ಸಿನಲ್ಲಿರುವುದಕ್ಕೆಲ್ಲ ಶಿಕ್ಷೆ ವಿಧಿಸುತ್ತ ಹೋದರೆ ನ್ಯಾಯಾಲಯಗಳು ಜನರ ಅಂತರಂಗವನ್ನು ಶೋಧಿಸುವ ಸ್ಥಳಗಳಾಗಿಬಿಡುತ್ತವೆ, ಯಾರೂ ನೆಮ್ಮದಿಯಿಂದ ಬದುಕಲಾರರು ಎಂಬುದು ಅವನ ಎಚ್ಚರಿಕೆ.

ಈ ಮೂರೂ ತೂಕವುಳ್ಳ ಮಾತುಗಳೇ. ಆದರೆ ಮೂರನೆಯದಕ್ಕೆ ಒಂದು ಉತ್ತರವಿದೆ. ತಂತಿಯ ಅಡಿಯಲ್ಲಿ ಎತ್ತಿದ ಏಣಿ ಮನಸ್ಸಿನ ಒಳಗಿನ ವಿಚಾರವಲ್ಲ. ಅದು ಹಾಡಹಗಲಿನಲ್ಲಿ ನಡೆದ ಕೆಲಸ, ಕಂಡವರಿದ್ದಾರೆ. ಅದನ್ನು ಕೇಳಲು ಯಾರ ಅಂತರಂಗವನ್ನೂ ಶೋಧಿಸಬೇಕಾಗಿಲ್ಲ.

ಪರಿಣಾಮಕ್ಕೆ ಕಾಯದ ಕಾನೂನುಗಳು

ಹಲವು ವಿಷಯಗಳಲ್ಲಿ ನಮ್ಮ ಕಾನೂನು ಈಗಾಗಲೇ ಅನಾಹುತಕ್ಕೆ ಕಾಯುವುದನ್ನು ಬಿಟ್ಟಿದೆ.

ಕುಡಿದು ವಾಹನ ನಡೆಸುವವನನ್ನು ತೆಗೆದುಕೊಳ್ಳಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಅಷ್ಟೇ ಸಾಕು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಅಥವಾ ಎರಡೂ. ಅವನು ಯಾರಿಗೂ ಗುದ್ದದೆ ಮನೆ ಸೇರುತ್ತಿದ್ದನೇ ಎಂದು ಯಾರೂ ಕೇಳುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನಾವು ಬೆಳೆಗಾರರು ವಿಶೇಷವಾಗಿ ತಿಳಿದಿರಬೇಕು. ಅದರಲ್ಲಿ ಬೇಟೆ ಎಂಬ ಮಾತಿಗೆ ಕೊಲ್ಲುವುದು, ವಿಷವಿಡುವುದು, ಉರುಳು ಒಡ್ಡುವುದು ಮಾತ್ರವಲ್ಲ, ಇವುಗಳ ಪ್ರತಿಯೊಂದು ಪ್ರಯತ್ನವೂ ಸೇರಿದೆ. ಹಂದಿಗೆಂದು ಬೇಲಿಯ ಕಂಡಿಯಲ್ಲಿ ಒಡ್ಡಿದ ಉರುಳಿಗೆ ಚಿರತೆ ಬಿದ್ದ ಮೇಲೆ "ನಾವು ಚಿರತೆಗೆ ಇಟ್ಟದ್ದಲ್ಲ" ಎಂದರೆ ನಡೆಯದು. ಏನೂ ಬೀಳದಿದ್ದರೂ ಉರುಳು ಒಡ್ಡಿದ್ದೇ ತಪ್ಪು.

ಬೆಂಕಿಯ ವಿಷಯದಲ್ಲಿಯೂ ಹಾಗೆಯೇ. ಇತರರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯೊಡನೆ ಅಜಾಗರೂಕತೆಯಿಂದ ನಡೆದುಕೊಂಡರೆ ನ್ಯಾಯ ಸಂಹಿತೆಯ 287ನೇ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಮಾರ್ಚಿ ತಿಂಗಳ ಬಿಸಿಲಿನಲ್ಲಿ ತರಗೆಲೆಗೆ ಕೊಳ್ಳಿಯಿಟ್ಟು ಊಟಕ್ಕೆ ಎದ್ದು ಹೋಗುವವರು ಇದನ್ನು ಮರೆಯತಕ್ಕದ್ದಲ್ಲ.

ಪರಿಣಾಮವೊಂದನ್ನೇ ನೋಡಿದರೆ ಆಗುವ ಹಾನಿ

ಪರಿಣಾಮ ನೋಡಿ ದಂಡಿಸುವುದರಿಂದ ಆಗುವ ದೊಡ್ಡ ಹಾನಿ, ಅದು ನಮಗೆ ತಪ್ಪು ಪಾಠ ಕಲಿಸುತ್ತದೆ ಎಂಬುದು. "ಹತ್ತು ವರ್ಷದಿಂದ ಹೀಗೇ ಮಾಡಿದ್ದೇವೆ, ಏನೂ ಆಗಿಲ್ಲ" ಎಂಬ ಮಾತನ್ನು ಎಷ್ಟು ಕಣಗಳಲ್ಲಿ ಕೇಳಿಲ್ಲ!

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಅಪಾಯದ ರೂಢಿಯಿಂದ ಸಾವಿರ ಕೊಯ್ಲುಗಳಲ್ಲಿ ಒಂದರಲ್ಲಿ ಸಾವು ಆಗುತ್ತದೆಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ. ನೂರು ಬೆಳೆಗಾರರು ಹತ್ತು ವರ್ಷ ಆ ರೂಢಿಯನ್ನು ನಡೆಸಿದರೆ ಸಾವಿರ ಕೊಯ್ಲಾಯಿತು. ಸರಾಸರಿಯಲ್ಲಿ ಒಂದು ಸಾವು. ಹತ್ತು ವರ್ಷದ ಕೊನೆಗೆ ತೊಂಬತ್ತೊಂಬತ್ತು ಜನ "ನಮ್ಮ ಕ್ರಮ ಸರಿಯಾಗಿದೆ, ಅನುಭವವೇ ಸಾಕ್ಷಿ" ಎನ್ನುತ್ತಾರೆ. ಒಬ್ಬರು ತಲೆ ತಗ್ಗಿಸುತ್ತಾರೆ. ವಾಸ್ತವವಾಗಿ ಆ ಒಂದು ಜೀವ ನೂರು ಜನರೂ ಸೇರಿ ನಡೆಸಿದ ರೂಢಿಗೆ ಬಲಿಯಾದದ್ದು. ಒಬ್ಬರನ್ನು ಕಠಿಣವಾಗಿ ದಂಡಿಸಿ ತೊಂಬತ್ತೊಂಬತ್ತು ಜನರನ್ನು ಹಾಗೆಯೇ ಬಿಟ್ಟರೆ ಮುಂದಿನ ಹತ್ತು ವರ್ಷದಲ್ಲಿ ಇನ್ನೊಂದು ಸಾವು ಕಾದಿರುತ್ತದೆ.

ಇದು ಬಹು ದೊಡ್ಡ ಪ್ರಮಾಣದಲ್ಲಿ ನಡೆದುದನ್ನು ನಮ್ಮ ದೇಶವೇ ಕಂಡಿದೆ. ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಕ್ಕೆ ಮೂರು ವರ್ಷ ಮೊದಲು, 1981ರ ಡಿಸೆಂಬರಿನಲ್ಲಿ, ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲ ತಗಲಿ ಒಬ್ಬ ಕೆಲಸಗಾರ ತೀರಿಕೊಂಡಿದ್ದ. 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯ ತಜ್ಞರು ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿದ್ದರು. ಆದರೂ ಕಾರ್ಖಾನೆ ನಡೆಯುತ್ತಲೇ ಹೋಯಿತು. ಅನಾಹುತವಾದ ಮೇಲಾದರೂ ತಕ್ಕ ಶಿಕ್ಷೆ ಆಯಿತೇ? ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದಾಗಿದ್ದ ಆರೋಪವನ್ನು ಸುಪ್ರೀಂ ಕೋರ್ಟು 1996ರಲ್ಲಿ 304-ಎ ಪ್ರಕರಣಕ್ಕೆ ಇಳಿಸಿತು. 2010ರ ಜೂನ್ 7ರಂದು, ಘಟನೆ ನಡೆದು ಇಪ್ಪತ್ತೈದು ವರ್ಷ ಕಳೆದ ಮೇಲೆ, ಬದುಕಿದ್ದ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆ ವಿಧಿಸಲಾಯಿತು. ಇಡೀ ದೇಶ ಸಿಟ್ಟಾಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅಂಥ ಪರಿಣಾಮಕ್ಕೆ ಸಮನಾದ ಶಿಕ್ಷೆ ಯಾವ ಪುಸ್ತಕದಲ್ಲಿಯೂ ಇರಲಾರದು. ಶಿಕ್ಷೆಯಿಂದ ನಿಜವಾಗಿ ಪ್ರಯೋಜನ ಆಗಬಹುದಾಗಿದ್ದ ಕಾಲವೆಂದರೆ 1981 ಮತ್ತು 1982.

ಹಾಗಾದರೆ ಎಲ್ಲ ಅಪಾಯಕ್ಕೂ ಶಿಕ್ಷೆಯೇ?

ಇಲ್ಲಿ ಒಂದು ಆಕ್ಷೇಪಣೆಯನ್ನು ನೇರವಾಗಿ ಎದುರಿಸಬೇಕು. ತೋಟದ ಬದುಕೇ ಅಪಾಯದ ಬದುಕಲ್ಲವೇ? ಕೊನೆಗೌಡರು ಅಡಿಕೆ ಮರ ಏರುವುದೂ ಅಪಾಯವೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪಾಚಿಗಟ್ಟಿದ ಮರ ಹತ್ತುವುದೂ ಅಪಾಯವೇ. ಮರಗಸಿಯಂತೂ ಸರಿಯೇ ಸರಿ. ಎಲ್ಲಕ್ಕೂ ದಂಡವೆಂದರೆ ತೋಟಗಳನ್ನು ಮುಚ್ಚಬೇಕಾದೀತು.

ಆದ್ದರಿಂದ ಅಪಾಯಗಳನ್ನು ವಿಂಗಡಿಸುವುದು ಅಗತ್ಯ. ನಾಲ್ಕು ಪ್ರಶ್ನೆಗಳು ಸಹಾಯಕ್ಕೆ ಬರುತ್ತವೆ.

1. ಅಪಾಯವಿದೆಯೆಂದು ಅವನಿಗೆ ಗೊತ್ತಿತ್ತೇ, ಅಥವಾ ಸಾಮಾನ್ಯ ತಿಳಿವಳಿಕೆಯಿಂದ ಗೊತ್ತಾಗಬೇಕಿತ್ತೇ?

2. ಕೆಟ್ಟದ್ದು ನಡೆದರೆ ಅದರ ಪ್ರಮಾಣ ಎಷ್ಟು? ಗೀರು ಗಾಯವೋ, ಪ್ರಾಣಹಾನಿಯೋ?

3. ತಪ್ಪಿಸುವುದಕ್ಕೆ ತಗಲುತ್ತಿದ್ದ ಖರ್ಚು, ಶ್ರಮ ಎಷ್ಟು?

4. ಅಪಾಯ ಯಾರ ತಲೆಯ ಮೇಲೆ ಬಿತ್ತು, ಲಾಭ ಯಾರ ಕೈಗೆ ಬಂತು?

ಅಡಿಕೆ ಮರ ಏರುವ ಅಪಾಯವನ್ನು ಪೂರ್ತಿ ಇಲ್ಲವಾಗಿಸುವುದು ಕಷ್ಟ. ಅದರ ಸಲುವಾಗಿಯೇ ಕಲಿತವರು, ತಕ್ಕ ಸಲಕರಣೆ, ಒಣಗಿದ ಮರ ಎಂಬ ಕ್ರಮಗಳಿವೆ. ಆ ಕ್ರಮಗಳನ್ನು ಪಾಲಿಸಿಯೂ ಯಾರಾದರೂ ಬಿದ್ದರೆ ಅದು ದುರ್ದೈವ. ತಂತಿಯ ಪಕ್ಕದ ನಾಲ್ಕು ಮರದ ಮೆಣಸು ಹಾಗಲ್ಲ. ಅಪಾಯ ಗೊತ್ತಿತ್ತು, ಫಲ ಸಾವು, ತಪ್ಪಿಸಲು ಬೇಕಾಗಿದ್ದದ್ದು ಒಂದು ದೂರವಾಣಿ ಕರೆ ಮತ್ತು ಅರ್ಧ ದಿನ. ಮೆಣಸಿನ ಹಣ ನಮ್ಮದು, ಏಣಿ ಹಿಡಿದ ಕೈ ಇನ್ನೊಬ್ಬರದು. ನಾಲ್ಕನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ.

ನಮ್ಮ ಸುಪ್ರೀಂ ಕೋರ್ಟು ಕೂಡ 2005ರಲ್ಲಿ ವೈದ್ಯರೊಬ್ಬರ ಪ್ರಕರಣದಲ್ಲಿ ಇಂಥದೇ ಭೇದವನ್ನು ಎತ್ತಿಹಿಡಿಯಿತು. ಸಾಧಾರಣ ಎಚ್ಚರಗೇಡು ಪರಿಹಾರದ ದಾವೆಗೆ ಸಾಕಾಗಬಹುದು. ಕ್ರಿಮಿನಲ್ ಶಿಕ್ಷೆಗೆ ಬಹಳ ಹೆಚ್ಚಿನ ಪ್ರಮಾಣದ ಅಜಾಗರೂಕತೆ ಇರಬೇಕು ಎಂದಿತು.

ಇನ್ನೊಂದು ಆಕ್ಷೇಪಣೆಯೂ ಉಂಟು. ಸಣ್ಣ ತಪ್ಪಿಗೆಲ್ಲ ದಂಡ ಹಾಕಿದರೆ ಜನ ತಪ್ಪನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ತಪ್ಪಿನಿಂದ ಯಾರೂ ಕಲಿಯುವುದಿಲ್ಲ. ಇದು ನಿಜ. ಇದಕ್ಕೆ ಉತ್ತರವನ್ನು ವಿಮಾನಯಾನದವರು ಕಷ್ಟಪಟ್ಟು ಕಂಡುಕೊಂಡರು. 1974ರ ಡಿಸೆಂಬರ್ 1ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವೊಂದು ವರ್ಜೀನಿಯದ ಬೆಟ್ಟಕ್ಕೆ ಬಡಿದು 92 ಮಂದಿಯೂ ಸತ್ತರು. ಇಳಿಯಲು ಕೊಟ್ಟ ಅನುಮತಿಯನ್ನು ಪೈಲಟ್‌ಗಳು ತಪ್ಪಾಗಿ ಗ್ರಹಿಸಿ ಬಹಳ ಬೇಗ ಕೆಳಗಿಳಿದಿದ್ದರು. ತನಿಖೆಯಲ್ಲಿ ತಿಳಿದುಬಂದದ್ದೇನೆಂದರೆ, ಸುಮಾರು ಆರು ವಾರ ಮೊದಲು ಬೇರೊಂದು ಕಂಪನಿಯ ವಿಮಾನ ಅದೇ ತಪ್ಪು ಮಾಡಿ, ಅದೇ ಬೆಟ್ಟಕ್ಕೆ ತಾಗದೆ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬೇರೆಯವರಿಗೆ ಸುದ್ದಿ ಮುಟ್ಟಿರಲಿಲ್ಲ. 1976ರಲ್ಲಿ ಅಲ್ಲಿ ಒಂದು ಹೊಸ ವ್ಯವಸ್ಥೆ ಬಂತು. ಅಪಘಾತವಾಗದೆ ತಪ್ಪಿದ ಪ್ರಸಂಗಗಳನ್ನು ಪೈಲಟ್‌ಗಳು ತಾವಾಗಿ ಬರೆದು ತಿಳಿಸಬಹುದು. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ, ಹತ್ತು ದಿನದೊಳಗೆ ತಿಳಿಸಿದವರಿಗೆ ದಂಡದಿಂದ ವಿನಾಯಿತಿ.

ಅಪಾಯವನ್ನು ಎಣಿಕೆಗೆ ತೆಗೆದುಕೊಳ್ಳುವುದೆಂದರೆ ಸಿಕ್ಕಸಿಕ್ಕವರಿಗೆ ದಂಡ ಹಾಕುವುದಲ್ಲ ಎಂದು ಇದರಿಂದ ತಿಳಿಯುತ್ತದೆ. ಅರಿಯದೆ ಮಾಡಿ ಒಪ್ಪಿಕೊಂಡವನಿಗೆ ತಿಳಿವಳಿಕೆ, ಅರಿತೂ ಮತ್ತೆ ಮತ್ತೆ ಮಾಡುವವನಿಗೆ ದಂಡ ಎಂಬುದು ನ್ಯಾಯವಾದ ಕ್ರಮ.

ಪರಿಹಾರ ಬೇರೆ, ದಂಡನೆ ಬೇರೆ

ಇಷ್ಟೂ ಚರ್ಚಿಸಿದ ಮೇಲೆ ಮೊದಲನೆಯ ಬೆಳೆಗಾರರಿಗೂ ಎರಡನೆಯವರಿಗೂ ಒಂದೇ ನ್ಯಾಯವೇ ಎಂದು ಕೇಳಬಹುದು. ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಪರಿಹಾರದ ಲೆಕ್ಕ ಆದ ನಷ್ಟವನ್ನು ಹಿಡಿದು ನಡೆಯಬೇಕು. ಇದರಲ್ಲಿ ತಪ್ಪು ಎಷ್ಟು ಎಂದು ತೂಗುತ್ತ ಕೂರುವುದು ಸಲ್ಲದು. 1868ರಲ್ಲಿ ಇಂಗ್ಲೆಂಡಿನ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ, ಒಬ್ಬನ ಜಮೀನಿನಲ್ಲಿ ಕಟ್ಟಿಸಿದ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದಾಗ, ಕಟ್ಟಿಸಿದವನ ಸ್ವಂತ ತಪ್ಪಿಲ್ಲದಿದ್ದರೂ ಅವನೇ ನಷ್ಟ ಕೊಡಬೇಕೆಂದು ತೀರ್ಪಾಯಿತು. ನಮ್ಮ ಸುಪ್ರೀಂ ಕೋರ್ಟು 2002ರಲ್ಲಿ ಇದೇ ತತ್ತ್ವವನ್ನು ವಿದ್ಯುತ್ ತಂತಿಗೆ ಅನ್ವಯಿಸಿತು. ಮಧ್ಯಪ್ರದೇಶದಲ್ಲಿ ರಸ್ತೆಗೆ ಬಿದ್ದಿದ್ದ ಜೀವಂತ ತಂತಿಯ ಮೇಲೆ ಸೈಕಲ್ ಹಾಯಿಸಿ ಸವಾರನೊಬ್ಬ ಸತ್ತಿದ್ದ. ಯಾರೋ ಕಳ್ಳತನದಿಂದ ವಿದ್ಯುತ್ ಎಳೆದುಕೊಂಡಿದ್ದರಿಂದ ಹೀಗಾಯಿತು, ತನ್ನ ತಪ್ಪಿಲ್ಲ ಎಂದು ವಿದ್ಯುಚ್ಛಕ್ತಿ ಮಂಡಳಿ ವಾದಿಸಿತು. ಅಪಾಯಕರ ವಸ್ತುವನ್ನು ಸಾಗಿಸುವವರೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನ ತಪ್ಪನ್ನು ಸಾಬೀತುಪಡಿಸದೆಯೇ ಪರಿಹಾರ ಸಿಗಬೇಕೆಂಬ ತತ್ತ್ವ ನಮ್ಮಲ್ಲಿ 1923ರ ಕಾಯಿದೆಯಿಂದ ಬಂದದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ದಂಡನೆಯ ಲೆಕ್ಕವಾದರೋ ಮಾಡಿದ ಕೆಲಸವನ್ನು ಹಿಡಿದು ನಡೆಯಬೇಕು. ಎಷ್ಟು ಅಪಾಯವನ್ನು, ಎಷ್ಟು ಅರಿತು, ಯಾರ ಮೇಲೆ ತಂದಿಟ್ಟ ಎಂಬುದೇ ಅಲ್ಲಿ ಅಳತೆ. ಈ ದೃಷ್ಟಿಯಿಂದ ನೋಡಿದರೆ ಮೊದಲನೆಯ ಬೆಳೆಗಾರರು ಎರಡನೆಯವರಿಗಿಂತ ಹೆಚ್ಚಿನ ಪಾಪಿಯಲ್ಲ, ಹೆಚ್ಚಿನ ಸಾಲಗಾರರು. ಆ ಸಾಲವನ್ನು ಅವರು ಸತ್ತವರ ಮನೆಗೆ ತೀರಿಸಲೇಬೇಕು. ಆದರೆ ಅವರನ್ನು ದೂರವಿಟ್ಟು, ಅದೇ ತಪ್ಪನ್ನು ದಿನವೂ ಮಾಡುವ ನಾವು ನಿರಪರಾಧಿಗಳೆಂದು ಬೀಗುವುದರಲ್ಲಿ ನ್ಯಾಯವಿಲ್ಲ.

ಕಾನೂನು ತನ್ನ ಮೆಟ್ಟಿಲುಗಳನ್ನು ಬದಲಾಯಿಸುವುದೋ ಇಲ್ಲವೋ, ಅದು ನಮ್ಮ ಕೈಯಲ್ಲಿಲ್ಲ. ಆದರೆ ತೋಟದ ಒಳಗೆ ನಡೆಯುವ ವಿಚಾರಣೆ ನಮ್ಮ ಕೈಯಲ್ಲಿದೆ. ಪೊಲೀಸರು ಬರುವುದು ಅನಾಹುತವಾದ ದಿನ. ಏನೂ ಆಗದ ದಿನ ತೋಟದಲ್ಲಿರುವವರು ನಾವು ಮಾತ್ರ.

ಈ ಕೊಯ್ಲಿನಲ್ಲಿ ಮಾಡಬೇಕಾದದ್ದು

1. ತೋಟದ ಮೇಲೆ ಹಾದ ತಂತಿಯ ಉದ್ದಕ್ಕೂ ಒಮ್ಮೆ ನಡೆದು, ಏಣಿ ವಾಲಿದರೆ ತಂತಿಗೆ ತಾಗಬಹುದಾದ ಮರಗಳಿಗೆಲ್ಲ ಬಣ್ಣದ ಗುರುತು ಹಾಕಿ. ಆ ಮರಗಳಿಗೆ ಲೋಹದ ಏಣಿ ಕೂಡದು. ಹಸಿ ಬಿದಿರು, ಒದ್ದೆ ಬಿದಿರನ್ನೂ ನಂಬಬಾರದು. ವಿದ್ಯುತ್ ಹರಿಯದ ಫೈಬರ್ ಏಣಿ ಇದ್ದರೂ, ಲೈನ್ ಆಫ್ ಮಾಡಿಸಿಯೇ ಕೆಲಸಕ್ಕೆ ಇಳಿಯಿರಿ.

2. ಏಣಿಯನ್ನು ನಿಲ್ಲಿಸಿಕೊಂಡು ಮರದಿಂದ ಮರಕ್ಕೆ ಒಯ್ಯಬಾರದು. ಮಲಗಿಸಿ ಇಬ್ಬರು ಹಿಡಿದು ಸಾಗಿಸಬೇಕು.

3. ಜೋತುಬಿದ್ದ ತಂತಿ ಕಂಡರೆ ವಿದ್ಯುತ್ ಕಚೇರಿಗೆ ಬರೆದು ಕೊಟ್ಟು, ಒಂದು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಅಪಾಯವನ್ನು ತಂದಿಟ್ಟವರಲ್ಲಿ ಅವರದೂ ಪಾಲಿದ್ದರೆ ಅದೂ ದಾಖಲೆಯಾಗಲಿ.

4. ಬೇಲಿಗೆ ನೇರವಾಗಿ ಮನೆಯ ಅಥವಾ ಕಂಬದ ಕರೆಂಟ್ ಕೊಡುವುದು ಎಂದೆಂದಿಗೂ ಬೇಡ. ಕ್ಷಣಮಾತ್ರ ಬಡಿದು ಬಿಡುವ ಸೋಲಾರ್ ಬೇಲಿಗೂ ಕೊಲ್ಲುವ ಬೇಲಿಗೂ ಅಜಗಜಾಂತರ.

5. ಮೇಸ್ತ್ರಿಯ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ "ತಪ್ಪಿದ ಅನಾಹುತ" ಎಂದು ಒಂದು ಅಂಕಣ ಮಾಡಿ. ಜಾರಿದ ಏಣಿ, ಹಬ್ಬಲು ಹೋಗಿ ಆರಿದ ಬೆಂಕಿ, ಔಷಧಿ ಹೊಡೆದವರಿಗೆ ಬಂದ ತಲೆಸುತ್ತು, ಎಲ್ಲವನ್ನೂ ದಿನಾಂಕದೊಡನೆ ಬರೆಯಿರಿ. ಹೇಳಿದವರ ಕೂಲಿ ಹಿಡಿಯಬೇಡಿ, ಗದರಬೇಡಿ.

6. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಿಂದ ಸಾವಾದರೆ 2 ಲಕ್ಷ ರೂಪಾಯಿ ಬರುತ್ತದೆ. ಬ್ಯಾಂಕ್ ಖಾತೆಯಿರುವ ಪ್ರತಿಯೊಬ್ಬ ಕೆಲಸದವರನ್ನೂ ಸೇರಿಸಿ, ಕಂತನ್ನು ನಾವೇ ಕಟ್ಟೋಣ. ಇದು ನಮ್ಮ ಹೊಣೆಯನ್ನು ಕಳೆಯುವುದಿಲ್ಲ. ಆ ಮನೆಗೆ ಮೊದಲ ಆಸರೆಯಾಗುತ್ತದೆ, ಅಷ್ಟೆ.

ಚರ್ಚೆಗೆ ಪ್ರಶ್ನೆಗಳು

ಗ್ರಾಮ ಮಟ್ಟದ ಸದಸ್ಯರ ಕೂಟಗಳಲ್ಲಿ ಈ ಪಾಠವನ್ನು ಓದಿ ಚರ್ಚಿಸಬಹುದು.

1. ಇಬ್ಬರು ಒಂದೇ ದಿನ ತರಗೆಲೆಗೆ ಬೆಂಕಿಯಿಟ್ಟು ಕಾಯದೆ ಹೋದರು. ಒಬ್ಬರ ಬೆಂಕಿ ತಾನಾಗಿ ಆರಿತು, ಇನ್ನೊಬ್ಬರದು ನೆರೆಯ ತೋಟದ ಐವತ್ತು ಅಡಿಕೆ ಮರ ಸುಟ್ಟಿತು. ಊರಿನವರು ಇಬ್ಬರಿಗೂ ಏನೇನು ಹೇಳಬೇಕು? ಪರಿಹಾರವೆಷ್ಟು, ದಂಡವೆಷ್ಟು?

2. ಮಾಲೀಕರು ಬೇಡವೆಂದರೂ ಕೆಲಸದವನೇ ಬೇಗ ಮುಗಿಸುವ ಆಸೆಯಿಂದ ಅಪಾಯಕ್ಕೆ ಕೈಹಾಕಿದರೆ ಹೊಣೆ ಯಾರದು? ಕೆ.ಜಿ. ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿದವರು ನಾವೇ ಆಗಿದ್ದರೆ ಉತ್ತರ ಬದಲಾಗುವುದೇ?

3. ಫೈಬರ್ ಏಣಿಗಳನ್ನು ಸಂಘವೇ ಕೊಂಡು ಸಣ್ಣ ಬೆಳೆಗಾರರಿಗೆ ಬಾಡಿಗೆಗೆ ಕೊಡುವುದು ಸಾಧ್ಯವೇ? ಮುಂದಿನ ಸಭೆಗೆ ಸಲಹೆ ತನ್ನಿ.

ನಮ್ಮ ತೋಟದ ಆ ಹಳೆಯ ಏಣಿಯನ್ನು ಕೊನೆಗೂ ಎರಡು ತುಂಡು ಮಾಡಿಸಿದೆವು. ಗಿಡ್ಡ ತುಂಡು ಈಗ ಕಾಫಿ ಗೋದಾಮಿನಲ್ಲಿ ಅಟ್ಟ ಹತ್ತಲು ಬಳಕೆಯಾಗುತ್ತಿದೆ. ಅಂದು ಕೆಳಗೆ ಹಿಡಿದು ನಿಂತಿದ್ದವನು ಇಂದಿಗೂ ನಮ್ಮಲ್ಲಿಯೇ ಕೆಲಸಕ್ಕೆ ಬರುತ್ತಾನೆ. ಹೋದ ಕೊಯ್ಲಿನಲ್ಲಿ ಅವನನ್ನು ಕೂರಿಸಿಕೊಂಡು, "ಅವತ್ತು ತಪ್ಪು ನಮ್ಮದು ಕಣಯ್ಯ" ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಅಣ್ಣಾ" ಎಂದ.